ಒಂದಾದರೂ ಮಾತು

“ಇಲ್ಲೆ” ಎಂದು ಅಡ್ಡಡ್ಡ ತಲೆಯಾಡಿಸಿದಳು ಪದ್ದು. ಸಿಂಚನಾ ಇನ್ನೂ ಪ್ರಶ್ನೆ ಮುಗಿಸಿರಲಿಲ್ಲ.

“ಪೂರ್ತಿ ಕೇಳಿ ಅಜ್ಜಿ. ಮಗು ಯಾವತ್ತಾದ್ರೂ, ಒಂದಾದ್ರೂ ಮಾತು ಆಡಿದ್ದುಂಟಾ?”

“ಹುಟ್ಟಿದಾಗಿಂದ ಇಲ್ಲೆ.”

ಪಕ್ಕದ ಕುರ್ಚಿಯಲ್ಲಿದ್ದ ನೆರೆಮನೆಯ ಸುಗುಣಾ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು. ತೆಕ್ಕಟ್ಟೆಯಿಂದ ಕುಂದಾಪುರದವರೆಗೆ ಬಸ್ಸಿನಲ್ಲಿ ಬಾಯಿಗೆ ಬಿಡುವು ಕೊಡದೆ ಬಂದವಳು. ಮಾತು ಬಾರದ ಮಕ್ಕಳನ್ನು ಸಿಂಚನಾ ಪರೀಕ್ಷಿಸುವ ಈ ಕೋಣೆಗೆ ಕಾಲಿಟ್ಟ ಮೇಲೆ ತುಟಿ ಬಿಚ್ಚಿರಲಿಲ್ಲ.

ಪದ್ದುವಿನ ಮಡಿಲಲ್ಲಿದ್ದ ಮೊಮ್ಮಗ ಅಕ್ಷಯನಿಗೆ ಎರಡೂವರೆ ವರ್ಷ. ಅಪ್ಪ ಗೋವರ್ಧನ ಮೀನಿನ ಬೋಟಿನಲ್ಲಿ ವಾರಗಟ್ಟಲೆ ಕಡಲ ಮೇಲೆ. ತಾಯಿ ನವ್ಯಶ್ರೀ ಹಿತ್ತಲ ಬಾವಿಗೆ ಜಾರಿಬಿದ್ದು ತೀರಿಹೋಗಿ ಹನ್ನೊಂದು ತಿಂಗಳು. ಆ ಮಧ್ಯಾಹ್ನ ಪದ್ದು ಮಗುವನ್ನು ಸೊಂಟಕ್ಕೇರಿಸಿಕೊಂಡು ಸುಗುಣಾಳ ಮನೆಗೆ ಹೋಗಿದ್ದಳು. ಅಜ್ಜಿ ಎತ್ತಿಕೊಂಡು ಹೋದದ್ದಕ್ಕೆ ಮಗುವಾದರೂ ಉಳಿಯಿತು ಎಂದು ಊರೆಲ್ಲ ಹೇಳಿತು. ಗೋವರ್ಧನನಂತೂ ತಾಯಿಯ ಕೈ ಹಿಡಿದು ಅತ್ತಿದ್ದ. ಅವನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲು ಪದ್ದುವಿಗೆ ಬಹಳ ಹೊತ್ತು ಬೇಕಾಗಿತ್ತು.

ಅವನು ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದ. ರಾಟೆಯನ್ನು ಬಿಚ್ಚಿ, ಒಯ್ದು ಸಮುದ್ರಕ್ಕೆ ಎಸೆದ. ಆದರೂ ಊಟಕ್ಕೆ ಕೂತಾಗ ಪದ್ದುವಿಗೆ ರಾಟೆ ಕಿರ್ ಎನ್ನುವುದು ಕೇಳಿಸುತ್ತದೆ. ಒಂದೇ ಸಲ. ಕೈಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತದೆ. ಅದೇ ಹೊತ್ತಿಗೆ ಅಕ್ಷಯನೂ ತಲೆಯೆತ್ತಿ ಹಿತ್ತಲ ಕಡೆ ನೋಡುತ್ತಾನೆ. ಆಮೇಲೆ ಎದ್ದುಹೋಗಿ ಜಾಲರಿ ಹಿಡಿದು ಕೆಳಗೆ ಬಗ್ಗುತ್ತಾನೆ. ಅಳುವುದಿಲ್ಲ, ಕೂಗುವುದಿಲ್ಲ.

ಸತ್ತವಳು ಮಗುವಿನ ಬಾಯಿ ಕಟ್ಟಿದ್ದಾಳೆ ಎಂದರು ಕೇರಿಯವರು. ಪದ್ದು ಕೆರಾಡಿಯವರೆಗೆ ಹೋಗಿ ಮಂತ್ರಿಸಿದ ನೂಲು ಕಟ್ಟಿಸಿ ತಂದಳು. ಕಟ್ಟಿಕೊಟ್ಟ ದುಗ್ಗಪ್ಪ ಕಣ್ಣು ಮುಚ್ಚಿ, “ಅವ್ಳ್ ಯಾರನ್ನೋ ಕರೀತಾ ಇದ್ಲ್. ಯಾರೂ ಬರ್ಲಿಲ್ಲ” ಎಂದ. ಯಾರನ್ನು ಎಂದು ಪದ್ದು ಕೇಳಲಿಲ್ಲ.

ಬೋಟು ದಡದ ಹತ್ತಿರ ಬಂದಾಗೆಲ್ಲ ಗೋವರ್ಧನ ಫೋನ್ ಮಾಡುತ್ತಾನೆ. “ಅಬ್ಬಿ, ಹೈದ ಮಾತಾಡ್ದನಾ?” ಪದ್ದು ಮೊಬೈಲನ್ನು ಮಗುವಿನ ಕಿವಿಗೆ ಹಿಡಿಯುತ್ತಾಳೆ. ಅತ್ತ ಅಪ್ಪ ಕರೆಯುತ್ತಾನೆ. ಇತ್ತ ಬರೇ ಉಸಿರು.

ಸಿಂಚನಾ ಮಗುವಿನ ಬೆನ್ನ ಹಿಂದೆ ಮೆಲ್ಲಗೆ ಗಂಟೆ ಆಡಿಸಿದಳು. ಅಕ್ಷಯ ತಿರುಗಿದ. ನಾಯಿ ಎಲ್ಲಿ ಎಂದಳು. ಚಿತ್ರದ ಮೇಲೆ ಬೆರಳಿಟ್ಟ. ಬೋಟು ಎಲ್ಲಿ ಎಂದಳು. ಅದಕ್ಕೂ ಇಟ್ಟ, ಕಿಸಕ್ಕನೆ ನಕ್ಕ ಕೂಡ.

“ಕಿವಿ ಸರಿ ಇದೆ, ಬುದ್ಧಿ ಚುರುಕಿದೆ” ಎನ್ನುತ್ತ ಅವಳು ಮಿಠಾಯಿಯ ಕಾಗದ ಬಿಡಿಸಿ ಅವನ ಬಾಯಿಯ ಹತ್ತಿರ ಹಿಡಿದಳು.

ಮಗು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿತು. ಪದ್ದುವಿನ ಸೆರಗಿನೊಳಗೆ ಮುಖ ಹುದುಗಿಸಿ ಗಡಗಡ ನಡುಗಿತು.

“ಸಿಹಿ ಕಂಡ್ರೆ ಹೆದರೋ ಮಗುವನ್ನ ಇದೇ ಮೊದಲು ನೋಡಿದ್ದು!”

“ನಮ್ಮನೆಯಲ್ ಸಕ್ರೆಯೇ ಇಲ್ಲೆ. ನಾನೂ ಚಾಯಕ್ಕೆ ಹಾಕೂದಿಲ್ಲ.”

“ಸಕ್ಕರೆ ಕಾಯಿಲೆಯಾ?”

“ಅಲ್ಲ.”

ಸಿಂಚನಾ ಪೆನ್ನು ಕೆಳಗಿಟ್ಟಳು. “ಅಜ್ಜಿ, ವರ್ಷದ ಹೊತ್ತಿಗೆ ಒಂದೆರಡು ಮಾತು ಬರಬೇಕು. ಎರಡು ವರ್ಷಕ್ಕೆ ಎರಡೆರಡು ಪದ ಜೋಡಿಸಬೇಕು. ತಡ ಆದ್ರೆ ತಂದು ತೋರಿಸಬೇಕು, ಎದೆ ಒಡ್ಕೊಳ್ಳೋದೇನೂ ಬೇಡ. ಆದ್ರೆ ಒಮ್ಮೆ ಬಂದ ಮಾತು ನಿಂತುಹೋದ್ರೆ ಅದರ ದಾರಿಯೇ ಬೇರೆ. ಏಕೆ ನಿಂತಿತು ಅಂತ ಹುಡುಕಬೇಕಾಗ್ತದೆ. ನೀವು ಇಲ್ಲ ಅಂದ್ರೆ ನಾನು ‘ಹುಟ್ಟಿನಿಂದ’ ಅಂತ ಬರೆದು ದೊಡ್ಡಾಸ್ಪತ್ರೆಗೆ ಕಳಿಸ್ತೇನೆ. ಅದು ತಪ್ಪಾದ್ರೆ ಮಗುವಿನ ವರ್ಷ ಹಾಳು.”

“ಬರಿ ಮಗಾ.”

“ಪದ್ದಕ್ಕ...” ಸುಗುಣಾ ಕ್ಯಾಲೆಂಡರಿನಿಂದ ಕಣ್ಣು ಕಿತ್ತಳು.

“ನೀನ್ ಸುಮ್ನಿರ್.”

“ಸುಮ್ನಿದ್ದದ್ದ್ ಸಾಕಾಗ್ಲಿಲ್ಯಾ? ಗೋವರ್ಧನಂಗ್ ಗೊತ್ತಾತ್ತ್ ಅಂದೇಳಿ ಈ ಮಗಿನ ಬದ್ಕ್ ಹಾಳ್ ಮಾಡ್ತ್ಯಾ?”

ಪದ್ದು ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಗೋವರ್ಧನನಿಗೆ ಗೊತ್ತಾದರೆ ಅವನು ಮತ್ತೆ ತನ್ನ ಮುಖ ನೋಡಲಾರ. ಸಿಂಚನಾ ಇಬ್ಬರ ಮುಖವನ್ನೂ ನೋಡಿ, ಅಜ್ಜಿ ಮಾತು ಬದಲಿಸದ್ದು ಕಂಡು ಬರೆಯತೊಡಗಿದಳು. ಐವತ್ತು ದಾಟಿದ ಮೇಲೆ ಸಾಕ್ಷರತೆಯ ತರಗತಿಗೆ ಹೋಗಿ ಅಕ್ಷರ ಕಲಿತ ಪದ್ದು, ತಲೆಕೆಳಗಾದ ಆ ಸಾಲನ್ನು ಒಂದೊಂದೇ ಕೂಡಿಸಿ ಓದಿದಳು. ಹು... ಟ್ಟಿ... ನಿಂ...

ಮೇಲಿನ ಫ್ಯಾನು ಕಿರ್ ಎಂದಿತು.

ಅಕ್ಷಯ ಸೆರಗು ಸರಿಸಿ ತಲೆಯೆತ್ತಿದ. ಅಜ್ಜಿಯ ಮುಖ ನೋಡಿದ. ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ಮುಚ್ಚಿಕೊಂಡ.

ಪದ್ದು ಕೈಚಾಚಿ ಪೆನ್ನು ಹಿಡಿದಳು. “ಬರಿಬೇಡ. ಮಾತ್ ಬಂದಿತ್ತ್. ಅವ್ನಬ್ಬಿ ಹೋದ ದಿನವೇ. ಒಂದೇ ಮಾತ್.”

ಸುಗುಣಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಆವತ್ ಬೆಳಿಗ್ಗೆ ನಿಮ್ಮ ಹೈದ ಮೂಕನಾ ಅಂದೇಳಿ ಹಂಗ್ಸಿದ್ದ್ ನಾನೇ...”

“ಯಾವ ಮಾತು ಅಜ್ಜಿ?”

“ಅಮ್ಮ ಅಂದ. ಹಿತ್ಲಿಂದ ಓಡಿಬಂದ್, ನನ್ನ ಸೀರೆ ಎಳ್ದ್, ಬಾವಿ ಬದಿಗೆ ಕೈ ತೋರ್ಸಿ ‘ಅಮ್ಮ, ಅಮ್ಮ’ ಅಂದ. ಮಗಿಗೆ ಮಾತ್ ಬಂತ್ ಅಂದೇಳಿ ನಾನ್ ಎತ್ಕಂಡ್ ಇವ್ಳ ಮನೆಗೆ ತೋರ್ಸುಕೆ ಓಡ್ದೆ, ಅಂವ ಬಾವಿ ಬದಿಗೇ ಕೈ ಮಾಡಿ ಕೂಗ್ದಾಗೆಲ್ಲ ನಾವಿಬ್ರೂ ನಗಾಡ್ತಾ ಅವ್ನ ಬಾಯಿಗೆ ಸಕ್ರೆ ಹಾಕ್ದೊ.”