ಬೆಣ್ಣೆಯಂಥ ಮನಸ್ಸು

ಗಂಡ ಸತ್ತ ಹನ್ನೊಂದನೆಯ ದಿನ. ಅವನು ಉಣ್ಣುತ್ತಿದ್ದ ಸ್ಟೀಲ್ ತಟ್ಟೆಯಲ್ಲೇ ಎಡೆ ಬಡಿಸಿ, ತಾರಸಿಯ ಮೋಟುಗೋಡೆಯ ಮೇಲಿಟ್ಟು, ಮನೆಯವರೆಲ್ಲ ದೂರ ನಿಂತು ಕಾಗೆಗೆ ಕಾಯುತ್ತಿದ್ದರು. ಕಾಗೆ ಮಾತ್ರ ನೀರಿನ ಟ್ಯಾಂಕ್ ಬಿಟ್ಟು ಇಳಿಯಲೇ ಇಲ್ಲ.

“ಏನೋ ಸಿಟ್ಟಿರ್ಬೇಕು ಅವನಿಗೆ,” ಎಂದರು ಭಾವ.

“ಸಿಟ್ಟಲ್ಲ ಅಣ್ಣ, ಮುಂಗೋಪ. ಬಂದಷ್ಟೇ ಬೇಗ ಇಳಿಯೋದು,” ಎಂದಳು ನಾದಿನಿ. “ಸಾರಿಗೆ ಉಪ್ಪು ಕಮ್ಮಿಯಾದ್ರೆ ತಟ್ಟೆ ಎಸೀತಿದ್ದ. ಆಮೇಲೆ ಅವನೇ ಹೋಗಿ ಮಲ್ಲಿಗೆ ಹೂ ತರ್ತಿದ್ದ. ಬೆಣ್ಣೆಯಂಥ ಮನಸ್ಸು. ಅಲ್ವಾ ಅತ್ತಿಗೆ?”

“ಹೂಂ,” ಎಂದಳು ಹೆಂಡತಿ. ಇಷ್ಟು ದಿನವೂ ಅವಳಿಗೆ ಅಳು ಬಂದಿರಲಿಲ್ಲ. ಕಲ್ಲಿನ ಹಾಗೆ ಕೂತಿದ್ದಾಳೆ ಎಂದು ಬಂದುಹೋದವರೆಲ್ಲ ಮಾತಾಡಿಕೊಂಡಿದ್ದರು.

“ನೀನು ಕೈಮುಗಿದು ಕರಿ, ತಾಯಿ. ನೀನು ಕರೆದ್ರೆ ಬರ್ತಾನೆ,” ಎಂದರು ಭಾವ.

ಅವಳು ಕೈಮುಗಿದಳು. “ಬನ್ನಿ, ಊಟ ಮಾಡಿ,” ಎಂದಳು.

ಕಾಗೆ ಹಾರಿ ಬಂದು ವಡೆ ಕಚ್ಚಿ ಎಳೆಯಿತು. ತಟ್ಟೆ ಮಗುಚಿಕೊಂಡು ತಾರಸಿಯ ನೆಲಕ್ಕೆ ಠಣ್ ಎಂದು ಬಿತ್ತು.

“ಬಂದ! ಬಂದ!” ಎನ್ನುತ್ತ ಎಲ್ಲರೂ ಕೈಮುಗಿದರು.

ಅವಳ ಕೈಗಳು ಅಷ್ಟರಲ್ಲಾಗಲೇ ಮುಖಕ್ಕೆ ಅಡ್ಡ ಬಂದಿದ್ದವು.