ಎರಡೂ ಮಾಸ್ಟರ್

“ಎಂಟನೇ ಕ್ಲಾಸು ದಾಟದೋನು, ನನ್ನ ಮನೇಲಿ ಪಾರ್ಟಿಷನ್ ಮಾಡೋಕೆ ಬಂದಿದೀಯೇನೋ?”

ಅನಂತಲಕ್ಷ್ಮಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ಕೇಳಿದರು. ಮುಳಬಾಗಿಲಿನ ಆ ಮನೆಯ ಮುಂದಿನ ಕೋಣೆಯೇ ಅವರ ಇಬ್ಬರು ಗಂಡುಮಕ್ಕಳ ಆಫೀಸು. ಸೇಲ್ಸ್ ಟ್ಯಾಕ್ಸ್ ಲೆಕ್ಕ ಬರೆಸಲು ಬಂದ ಅಂಗಡಿಯವರು ಬೆಂಚಿನ ಮೇಲೆ ಕೂತಿದ್ದರು. ಎಲ್ಲರೂ ತಿರುಗಿ ನೋಡಿದರು. ನೆಲದ ಮೇಲೆ ಬಿಚ್ಚಿಟ್ಟ ಕ್ಯಾಬಿನೆಟ್ಟಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಭೀಮರಾಜ್ ಹೇಳಿದ್ದು ಇಷ್ಟೇ: ಹೊಸ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಪಾರ್ಟಿಷನ್ ಮಾಡಬೇಕು, ಅಣ್ಣನಿಗೊಂದು ಭಾಗ, ತಮ್ಮನಿಗೊಂದು ಭಾಗ.

ಇದು ಮನೆ ಮಾತಲ್ಲ, ಡಬ್ಬದೊಳಗಿನ ಸಾಮಾನಿನ ಮಾತು ಎಂದು ಅವನು ಡಿಸ್ಕನ್ನು ಎತ್ತಿ ತೋರಿಸಿದ. ಆಕೆ ನೋಡಲಿಲ್ಲ. ಗಂಡನ ಅಣ್ಣತಮ್ಮಂದಿರು ಹಿತ್ತಲ ಬಾವಿಯ ನಡುವೆ ಗೋಡೆ ಎಬ್ಬಿಸಿದ್ದನ್ನು ಕಂಡವರು ಆಕೆ. ಯಾವ ಸಾಮಾನಿಗೇ ಆಗಲಿ, ಆ ಮಾತು ಈ ಮನೆಯಲ್ಲಿ ಆಡಕೂಡದು ಅಂದರು. ಹಾಲಿನ ಮುನಿಯಲ್ಲಮ್ಮನ ಮಗ ಅಂತ ಒಳಗೆ ಬಿಟ್ಟದ್ದೇ ತಪ್ಪಾಯಿತು, ಇವನಿಗೆ ಕಂಡವರ ಮನೆ ಒಡೆಯುವ ವಿದ್ಯೆ ಮಾತ್ರ ಬಂದಿದೆ ಅಂದರು. ಬೆಂಚಿನಲ್ಲಿ ಒಬ್ಬ ನಕ್ಕ. ಇನ್ನೊಬ್ಬ ತೆಲುಗಿನಲ್ಲಿ ‘ಪಾಪಂ ಪಿಲ್ಲೋಡು’ ಎಂದು ಮರುಗಿದ. ನಕ್ಕವನಿಗಿಂತ ಮರುಗಿದವನನ್ನು ಕಂಡು ಭೀಮರಾಜನಿಗೆ ಮೈ ಉರಿಯಿತು.

ಕರೆಸಿದವರು ಆ ಮಕ್ಕಳು. ಇಬ್ಬರಿಗೂ ಬೇರೆ ಬೇರೆ ಮಾಡು ಎಂದವರೂ ಅವರೇ. ಈಗ ಹಿರಿಯ ಪ್ರಹ್ಲಾದ ಕಡತದಿಂದ ತಲೆ ಎತ್ತಲಿಲ್ಲ. ಕಿರಿಯ ವಿದ್ಯಾಧೀಶ, ಆಯ್ತಮ್ಮ, ಒಂದೇ ಇರಲಿ ಬಿಡು ಎಂದು ತಾಯಿಯನ್ನು ಒಳಗೆ ಕಳಿಸಿದ. ಬೈಗುಳ ಮಾತ್ರ ನೆಲದ ಮೇಲೆ ಕೂತವನ ಪಾಲಿಗೆ ಬಂತು. ಭೀಮರಾಜ್ ಹಲ್ಲು ಕಚ್ಚಿಕೊಂಡು ಮದರ್‌ಬೋರ್ಡಿನ ಸ್ಕ್ರೂ ತಿರುಗಿಸಿದ.

ಅಂಗಡಿಯವರೆಲ್ಲ ಎದ್ದು ಹೋದ ಮೇಲೆ ವಿದ್ಯಾಧೀಶ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತ.

“ಭೀಮಾ, ಪಾರ್ಟಿಷನ್ ಬೇಡ. ಎರಡು ಡಿಸ್ಕೇ ಹಾಕ್ಬಿಡು. ನಂದನ್ನ ಬಿಚ್ಕೊಂಡು ಹೋಗೋ ಹಾಗಿರ್ಬೇಕು.”

“ಎಲ್ಲಿಗೆ ಸಾರ್?”

“ಕೋಲಾರಕ್ಕೆ. ನಂದೇ ಆಫೀಸಿನ ಬೋರ್ಡು ಬರೆಯೋಕೆ ಕೊಟ್ಟಿದೀನಿ. ಆಷಾಢ ಕಳೀಲಿ ಅಂತ ಕಾಯ್ತಿದೀನಿ, ಅಷ್ಟೇ.”

ಭೀಮರಾಜ್ ಪ್ರಹ್ಲಾದನ ಕಡೆ ನೋಡಿದ. ಪ್ರಹ್ಲಾದ ಎಲ್ಲ ಕೇಳಿಸಿಕೊಂಡಿದ್ದ. ಗೊತ್ತಿದ್ದ ವಿಷಯವೇ ಇರಬೇಕು, ಮುಖದಲ್ಲಿ ಏನೂ ಕದಲಲಿಲ್ಲ. ಭೀಮರಾಜ್ ಶ್ರೀನಿವಾಸಪುರದ ಗಿರಾಕಿಗೆಂದು ತಂದಿದ್ದ ಇನ್ನೊಂದು ಡಿಸ್ಕನ್ನು ಚೀಲದಿಂದ ತೆಗೆದ. ಒಂದು ಕೇಬಲ್ಲಿಗೆ ಎರಡು ಸಿಕ್ಕಿಸುವಾಗ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಮಾಡಬೇಕು, ಯಾವುದು ಯಾರದು ಎಂದು ಕೇಳಿದ. ಸ್ಲೇವ್ ಅಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಹಿರಿಯನದು ಮಾಸ್ಟರ್ ಆಗುವುದು ಧರ್ಮ ಅಂದ ಪ್ರಹ್ಲಾದ. ಇಷ್ಟು ವರ್ಷ ಆಗಿದ್ದು ಸಾಲದೆ ಡಬ್ಬದೊಳಗೂ ಆಳಾಗಿರಬೇಕಾ ಅಂದ ವಿದ್ಯಾಧೀಶ. ಒಳಗೆ ಒಗ್ಗರಣೆ ಸಿಡಿದ ಸದ್ದಾಯಿತು. ಇಬ್ಬರೂ ದನಿ ತಗ್ಗಿಸಿದರು. ಆದರೆ ಮಾತು ನಿಲ್ಲಿಸಲಿಲ್ಲ.

ಅವರು ಜಗಳ ಮುಗಿಸಲಿ ಎಂದು ಕೂತರೆ ಸಂಜೆಯಾಗುತ್ತಿತ್ತು. ಭೀಮರಾಜ್ ಎರಡು ಕೇಬಲ್ ಎಳೆದು, ಒಂದೊಂದಕ್ಕೆ ಒಂದೊಂದು ಡಿಸ್ಕು ಹಾಕಿ, ಎರಡರ ಜಂಪರ್ ಎಂಬ ಪುಟ್ಟ ಕೊಂಡಿಯನ್ನೂ ಮಾಸ್ಟರ್ ಪಿನ್ನಿಗೇ ಚುಚ್ಚಿದ. ಸ್ಲೇವ್ ಆದದ್ದು ಸಿಡಿ ಡ್ರೈವ್. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಎರಡೂ ಫಾರ್ಮ್ಯಾಟ್ ಆಗುವವರೆಗೆ ಮೂವರೂ ಪರದೆ ನೋಡುತ್ತ ಕೂತರು. ಅಮ್ಮನಿಗೆ ಹೇಳಬೇಡ ಅಂದ ಪ್ರಹ್ಲಾದ. ಹೇಳಲೇಬೇಡ ಅಂದ ವಿದ್ಯಾಧೀಶ. ಬೆಳಿಗ್ಗೆಯಿಂದ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಭೀಮರಾಜ್ ತಮ್ಮನ ಡಿಸ್ಕಿನ ಸ್ಕ್ರೂ ಹಾಕುವಾಗ ಪ್ರಹ್ಲಾದ ಮೊದಲ ಸಲ ಕುರ್ಚಿಯಿಂದ ಬಗ್ಗಿ ನೋಡಿದ.

“ಅದನ್ನ ಜಾಸ್ತಿ ಬಿಗಿ ಮಾಡ್ಬೇಡ ಕಣೋ.”

ವಿದ್ಯಾಧೀಶ ಅಣ್ಣನ ಮುಖ ನೋಡಿದ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ.

ಮುಚ್ಚಳ ಕೂರಿಸುವ ಹೊತ್ತಿಗೆ ಅನಂತಲಕ್ಷ್ಮಮ್ಮ ಅರಿಶಿನ ಕುಂಕುಮದ ಬಟ್ಟಲು ತಂದರು. ಕ್ಯಾಬಿನೆಟ್ಟಿನ ನೆತ್ತಿಗೆ ಹಚ್ಚಿ, ಕಣ್ಣು ಮುಚ್ಚಿ ಏನೋ ಬೇಡಿಕೊಂಡರು. ಆಮೇಲೆ ಭೀಮರಾಜನಿಗೆ ತಾವೇ ಕಾಫಿ ತಂದುಕೊಟ್ಟರು. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಹಾಳು ಬಾಯಿ, ನಿಮ್ಮಮ್ಮನಿಗೂ ಹೇಳಬೇಡ ಅಂದರು. ಲೋಟ ವಾಪಸು ತಗೊಳ್ಳುವಾಗ ಹತ್ತಿರ ಬಂದು ಕೇಳಿದರು.

“ಒಳಗೆ ಒಂದೇ ಇದೆ ತಾನೇ ಭೀಮಾ? ಭಾಗ ಗೀಗ ಏನೂ ಮಾಡಿಲ್ಲ ತಾನೇ?”

ಬೆಳಿಗ್ಗೆ ತಿಂದ ಬೈಗುಳಕ್ಕೆಲ್ಲ ಸೇಡು ತೀರಿಸಿಕೊಳ್ಳಲು ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದೂ ಇತ್ತು. ಆಕೆಯ ಬೆನ್ನ ಹಿಂದೆ ಇಬ್ಬರೂ ಮಕ್ಕಳು ಅವನ ಬಾಯನ್ನೇ ನೋಡುತ್ತಿದ್ದರು. ಆಕೆ ಅವನ ಕಣ್ಣನ್ನು ನೋಡುತ್ತಿದ್ದರು. ಕುಂಕುಮ ಹಚ್ಚಿದ ಬೆರಳನ್ನು ಸೆರಗಿಗೆ ಒರೆಸುತ್ತಲೇ ಇದ್ದರು, ಬಣ್ಣ ಆಗಲೇ ಹೋಗಿದ್ದರೂ.

ಭೀಮರಾಜ್ ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ನಡೆದ.

“ನೋಡಿ, ಉತ್ತರ ಕೊಡದೇ ಹೋದ. ಇನ್ನೂ ಸಿಟ್ಟು ಇಳಿದಿಲ್ಲ ಹುಡುಗನಿಗೆ,” ಎಂದು ಅನಂತಲಕ್ಷ್ಮಮ್ಮ ಮಕ್ಕಳಿಗೆ ಹೇಳಿದ್ದು ಹಿಂದಿನಿಂದ ಕೇಳಿಸಿತು.

“ಹೌದಮ್ಮ,” ಅಂದರು ಅಣ್ಣ ತಮ್ಮ, ಒಂದೇ ದನಿಯಲ್ಲಿ.