ಯಾವ ಕಡೆ?

ಬೆಳಿಗ್ಗೆ ಹತ್ತು ಗಂಟೆ. ಮರುದಿನ ಎಂಟಕ್ಕೆ ದರ್ಜಿಯ ಎಡ ಸ್ತನವನ್ನು ಆಪರೇಷನ್ ಮಾಡಿ ತೆಗೆಯುವುದಿತ್ತು. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ತನಗಾಗಿ ಮೂರನೆಯ ಅಂಗಿ ಹೊಲಿಯುತ್ತಿದ್ದಳು. ಮುಂದೆ ಗುಂಡಿ ಇರುವ ಸಡಿಲ ಅಂಗಿ ಬೇಕೆಂದು ಆಸ್ಪತ್ರೆಯ ಚೀಟಿ ಹೇಳಿತ್ತು. ಕೆಲವು ದಿನ ತೋಳೆತ್ತಿ ತಲೆಯ ಮೇಲಿಂದ ಬಟ್ಟೆ ಹಾಕಿಕೊಳ್ಳಲು ಆಗುವುದಿಲ್ಲ. ಗಾಯದ ನೀರು ಇಳಿಯಲು ಒಂದು ನಳಿಕೆ, ಅದರ ತುದಿಗೆ ಮುಷ್ಟಿ ಗಾತ್ರದ ಪ್ಲಾಸ್ಟಿಕ್ ಬಾಟ್ಲಿ ಇರುತ್ತದೆ. ಅದನ್ನಿಡಲು ಅಂಗಿಯ ಒಳಗೆ, ಎಡಗಡೆ, ಒಂದು ಜೇಬು.

ಅಡುಗೆಮನೆಯಲ್ಲಿ ನಾದಿನಿ ಮೇಲಿನ ಹಲಗೆಯ ಡಬ್ಬಿಗಳನ್ನೆಲ್ಲ ಸೊಂಟದ ಮಟ್ಟಕ್ಕೆ ಇಳಿಸುತ್ತಿದ್ದಳು. ಅದೂ ಚೀಟಿಯಲ್ಲಿತ್ತು.

“ಅತ್ತಿಗೆ, ನಿಮ್ಮ ಅಡುಗೆಮನೆ ಈಗ ನನ್ನ ಎತ್ತರಕ್ಕೆ ಬಂತು ನೋಡಿ. ಇಷ್ಟು ವರ್ಷ ಸಕ್ಕರೆಗೂ ಸ್ಟೂಲ್ ಹತ್ತಿದ್ದಾಯ್ತು.”

“ಆಳು ಕುಳ್ಳಾದ್ರೂ ಬಾಯಿ ಅಟ್ಟದ ಮೇಲೇ ಇತ್ತಲ್ಲ. ಬಾ, ಇದನ್ನ ಹಾಕ್ಕೊಂಡು ನೋಡ್ತೀನಿ. ನೀನೇ ಗುಂಡಿ ಹಾಕು, ಅಭ್ಯಾಸ ಆಗ್ಲಿ.”

ನಾದಿನಿ ಗುಂಡಿ ಹಾಕಿದಳು. ಒಳಗೆ ಕೈಹಾಕಿ ಜೇಬು ಹುಡುಕಿದಳು. ಆಮೇಲೆ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಅತ್ತಿಗೆ, ಜೇಬು ಬಲಗಡೆ ಇದೆ.”

ಮೂರರಲ್ಲೂ ಬಲಗಡೆಯೇ ಇತ್ತು. ಒಳಮೈ ಹೊರಗೆ ಮಾಡಿ ಹರಡಿದ ಅಂಗಿಯಲ್ಲಿ ಎಡ ಬಲ ಅದಲುಬದಲಾಗುತ್ತದೆ. ಕೈ ಮಾತ್ರ ಹಳೆಯ ಅಭ್ಯಾಸದಂತೆ, ಹೊರಗಿನ ಜೇಬು ಇಡುವ ಜಾಗದಲ್ಲೇ ಇಟ್ಟು ಹೊಲಿದುಬಿಟ್ಟಿತ್ತು. ನಾದಿನಿ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. ದರ್ಜಿ ನಗಲಿಲ್ಲ.

“ಮೂವತ್ತೊಂದು ವರ್ಷದಲ್ಲಿ ಒಂದು ದಿನಾನೂ ಎಡ ಬಲ ತಪ್ಪಿದವಳಲ್ಲ ಕಣೇ. ನಾನೇ ತಪ್ಪಿದೆ ಅಂದ್ಮೇಲೆ ಆ ಡಾಕ್ಟರಮ್ಮ? ನಾಳೆ ಒಂದೇ ದಿನ ಅವರಿಗೆ ಐದು ಜನ ಇದಾರಂತೆ. ಎಡದ ಬದಲು ಬಲ ತೆಗೆದುಬಿಟ್ರೆ?”

“ಥೂ, ಬಿಡ್ತು ಅನ್ನಿ.”

“ಜೇಬಾದ್ರೆ ಬಿಚ್ಚಿ ಮತ್ತೆ ಹೊಲೀಬಹುದು. ಅದನ್ನ ಏನು ಮಾಡ್ತೀಯ? ನಾನು ಬರಲ್ಲ, ಹೋಗು.”

ಬರುವುದಿಲ್ಲ ಎಂದವಳು ಮಧ್ಯಾಹ್ನದೊಳಗೆ ಮೂರೂ ಜೇಬುಗಳನ್ನು ಬಿಚ್ಚಿ ಎಡಗಡೆಗೆ ಹಾಕಿದಳು. ನಾದಿನಿ ಆಪರೇಷನ್ ಆದಮೇಲೆ ಕಂಕುಳ ಕೆಳಗೆ ಇಟ್ಟುಕೊಳ್ಳುವ ಪುಟ್ಟ ದಿಂಬಿಗೆ ಹತ್ತಿ ತುಂಬುತ್ತಾ ಕೂತಳು.

ಮರುದಿನ ಆರೂವರೆಗೆ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಹೆಸರು ಬರೆದುಕೊಂಡವನು ಕೇಳಿದ, ಯಾವ ಕಡೆ? ನರ್ಸು ಕೇಳಿದಳು, ಯಾವ ಕಡೆ? ಅರಿವಳಿಕೆ ಕೊಡುವ ಡಾಕ್ಟರೂ ಅದನ್ನೇ ಕೇಳಿದರು. ಪ್ರತಿ ಸಲ “ಎಡಗಡೆ” ಎಂದ ದರ್ಜಿ ಕೊನೆಗೆ ನಾದಿನಿಯ ಕಿವಿಗೆ ಬಾಗಿದಳು.

“ನೋಡ್ದೇನೇ? ಇಲ್ಲಿ ಒಬ್ಬರಿಗೂ ಗೊತ್ತಿಲ್ಲ.”

ಏಳೂಕಾಲಿಗೆ ಆಪರೇಷನ್ ಮಾಡುವ ಡಾಕ್ಟರಮ್ಮ ಪೆನ್ನು ಹಿಡಿದು ಬಂದರು. ಪರದೆ ಎಳೆದು, ಗೌನು ಸರಿಸಿ ನೋಡಿದರೆ ದರ್ಜಿಯ ಬಲ ಸ್ತನದ ಮೇಲೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ಅಂಗೈ ಅಗಲದ ಇಂಟು ಮಾರ್ಕು.

“ಇದೇನಿದು?”

“ಇದಲ್ಲ ಅಂತ. ನಿಮಗೆ ಗೊತ್ತಾಗ್ಲಿ ಅಂತ ಸ್ನಾನ ಆದ್ಮೇಲೆ ನಾನೇ ಹಾಕ್ಕೊಂಡೆ.”

“ನಿಮ್ಮ ಅಂಗಡೀಲಿ ಬಟ್ಟೆ ಮೇಲೆ ಇಂಟು ಮಾರ್ಕ್ ಹಾಕಿದ್ರೆ ಏನರ್ಥ?”

“ಇಲ್ಲಿ ಕತ್ತರಿ ಹಾಕು ಅಂ…”

ದರ್ಜಿ ನಾಲಿಗೆ ಕಚ್ಚಿಕೊಂಡಳು. ಪರದೆಯ ಆಚೆ ನಾದಿನಿ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಡಾಕ್ಟರಮ್ಮ ಒದ್ದೆ ಹತ್ತಿಯಿಂದ ಆ ಗುರುತನ್ನು ಒಂದು ಚೂರೂ ಉಳಿಯದಂತೆ ಒರೆಸಿದರು. “ಬೇಡದ ಕಡೆ ನಾವು ಏನೂ ಬರೆಯಲ್ಲ, ಬೇಕಾದ ಕಡೆ ಮಾತ್ರ. ಕಾಗದದಲ್ಲಿ ಎಲ್ಲಾ ಇದೆ, ನಮಗೆ ಗೊತ್ತಿದೆ. ಆದ್ರೂ ನಿಮ್ಮ ಬಾಯಿಂದ ಕೇಳದೆ ಇಲ್ಲಿ ಯಾರೂ ನಿಮ್ಮನ್ನ ಮುಂದಕ್ಕೆ ಕಳಿಸಲ್ಲ. ಒಳಗೆ ಹೋದ್ಮೇಲೂ ಕತ್ತರಿ ಮುಟ್ಟೋಕೆ ಮುಂಚೆ ಎಲ್ಲರೂ ನಿಂತು ಇನ್ನೊಂದು ಸಲ ಜೋರಾಗಿ ಹೇಳ್ತೀವಿ. ಈಗ ಹೇಳಿ, ಯಾವ ಕಡೆ?”

ದರ್ಜಿ ಒಂದು ಕ್ಷಣ ಯೋಚಿಸಿದಳು. “ನನ್ನ ಎಡ. ನೀವು ಎದುರಿಗೆ ನಿಂತ್ರೆ ನಿಮ್ಮ ಬಲಗೈ ಕಡೆ.”

“ಇಷ್ಟು ಸರಿಯಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ,” ಎಂದು ಡಾಕ್ಟರಮ್ಮ ಎಡಗಡೆ ದಪ್ಪಗೆ ಒಂದು ಬಾಣ ಬರೆದರು. ದರ್ಜಿ ಕತ್ತು ಬಗ್ಗಿಸಿ ನೋಡಿದಳು. ಹೆಬ್ಬೆರಳಿನಿಂದ ಬಲವಾಗಿ ಉಜ್ಜಿದಳು.

“ಅಳಿಸಿ ಹೋಗಲ್ಲ ತಾನೇ?”

“ತೊಳೆದ್ರೂ ಹೋಗಲ್ಲ.”

“ಹಾಗಾದ್ರೆ ನಡೀರಿ.”

ಆಪರೇಷನ್ ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಹನ್ನೆರಡರ ಹೊತ್ತಿಗೆ ದರ್ಜಿ ಕಣ್ಣು ಬಿಟ್ಟಾಗ ಎಡತೋಳಿನ ಕೆಳಗೆ ದಿಂಬು ಇತ್ತು, ತಲೆಯ ಹತ್ತಿರ ನಾದಿನಿ ಇದ್ದಳು. ದರ್ಜಿಯ ಬಲಗೈ ಹೊದಿಕೆಯೊಳಗೆ ಮೆಲ್ಲನೆ ಸರಿದು, ಬಲಗಡೆ ಮುಟ್ಟಿ ನೋಡಿ, ಅಲ್ಲೇ ನಿಂತಿತು.

“ನೋವಿದೆಯಾ? ಯಾವ ಕಡೆ?” ನರ್ಸು ಬಗ್ಗಿ ಕೇಳಿದಳು.

“ಎಡಗಡೆ,” ಎಂದಳು ದರ್ಜಿ. ದನಿ ಒಣಗಿತ್ತು. “ಪೂರ್ತಿ ಎಡಗಡೇನೇ.”

“ಹತ್ತಕ್ಕೆ ಎಷ್ಟು?”

“ಆರು. ಬರ್ಕೊಳ್ಳಿ ತಾಯಿ, ಎಡಗಡೆ ಆರು.”

ನರ್ಸು ನೋವಿಗೆ ಔಷಧಿ ಕೊಟ್ಟು, ಗಡಿಯಾರ ನೋಡಿ, ಚಾರ್ಟಿನಲ್ಲಿ ಬರೆದಳು: ನೋವು ಆರು. ರೋಗಿ ನಗುತ್ತಿದ್ದಾರೆ.